ಬೋರ್ಡಿನ ಮೂಲೆಯಲ್ಲೊಂದು ಹೆಸರು



ಬಂಗಾರಪೇಟೆಯ ಪಾನಿಪುರಿಗೆ ಯಾರಾದರೂ ಪತ್ರಿಕೆಯಲ್ಲಿ ಜಾಹೀರಾತು ಕೊಟ್ಟದ್ದನ್ನು ನೀವು ನೋಡಿದ್ದೀರಾ? ನಾನಂತೂ ನೋಡಿಲ್ಲ. ಆದರೂ ಬೆಂಗಳೂರಿನ ಎಷ್ಟೋ ಬಡಾವಣೆಗಳಲ್ಲಿ ‘ಬಂಗಾರಪೇಟೆ ಚಾಟ್ಸ್’ ಎಂಬ ಬೋರ್ಡು ಕಣ್ಣಿಗೆ ಬೀಳುತ್ತದೆ. ಬೇರೆ ಊರುಗಳಲ್ಲಿ ಪಾನಿಪುರಿಯ ನೀರು ಪುದೀನ, ಕೊತ್ತಂಬರಿ ಬಿದ್ದು ಹಸಿರಾಗಿರುತ್ತದೆ. ನಮ್ಮೂರಿನದು ನೋಡುವುದಕ್ಕೆ ಕೊಳಾಯಿ ನೀರಿನಷ್ಟು ತಿಳಿ, ಬಾಯಿಗಿಟ್ಟರೆ ಖಾರ ನೆತ್ತಿಗೇರುತ್ತದೆ. ತಿನ್ನುವ ಮೊದಲೇ ಕಣ್ಣಿಗೆ ಕಾಣುವ ವ್ಯತ್ಯಾಸ ಅದು. ತಿಂದವನು ಇನ್ನೊಬ್ಬನಿಗೆ ಹೇಳುವುದಕ್ಕೆ ಒಂದೇ ವಾಕ್ಯ ಸಾಕು: ‘ನೀರು ಬೆಳ್ಳಗಿದೆ ಕಣಯ್ಯಾ, ಆದರೆ ಏನು ಖಾರ ಅಂತೀಯ!’ ಈ ಒಂದು ವಾಕ್ಯವೇ ಇಷ್ಟು ವರ್ಷ ಆ ತಿಂಡಿಯ ಪ್ರಚಾರ ಮಾಡಿಕೊಂಡು ಬಂದಿದೆ, ಅದೂ ಕಾಸಿಲ್ಲದೆ.

ನನ್ನ ಇವತ್ತಿನ ಮಾತು ತಿಂಡಿಯ ಬಗ್ಗೆ ಅಲ್ಲ. ರಾಬರ್ಟ್‌ಸನ್‌ಪೇಟೆಯಲ್ಲೋ, ಆಂಡರ್ಸನ್‌ಪೇಟೆಯಲ್ಲೋ, ಬಂಗಾರಪೇಟೆಯ ಯಾವುದೋ ಅಡ್ಡರಸ್ತೆಯಲ್ಲೋ, ಮನೆಯ ಮುಂದಿನ ಕೋಣೆಯಲ್ಲಿ ಒಂದು ಕಂಪ್ಯೂಟರ್ ಇಟ್ಟುಕೊಂಡು ಲಗ್ನಪತ್ರಿಕೆ, ಅಂಗಡಿ ಬೋರ್ಡು, ಕರಪತ್ರ, ಲೋಗೋ, ಉಪ್ಪಿನಕಾಯಿ ಬಾಟಲಿಯ ಲೇಬಲ್ಲು ಮಾಡಿಕೊಡುವ ಹುಡುಗ ಹುಡುಗಿಯರ ಬಗ್ಗೆ. ಅಲ್ಲಿ ಮಾಲೀಕರೂ ಅವರೇ, ಕೆಲಸಗಾರರೂ ಅವರೇ, ಬಾಕಿ ವಸೂಲಿಗೆ ಅಲೆಯುವವರೂ ಅವರೇ. ಕೆಲಸ ಚೆನ್ನಾಗಿ ಬರುತ್ತದೆ, ಗಿರಾಕಿ ಬರುವುದಿಲ್ಲ. ಪ್ರಚಾರಕ್ಕೆ ದುಡ್ಡು ಹಾಕೋಣವೆಂದರೆ ತಿಂಗಳಿಗೆ ಸಾವಿರ, ಎರಡು ಸಾವಿರಕ್ಕಿಂತ ಹೆಚ್ಚು ಮಿಗುವುದಿಲ್ಲ. ಅಷ್ಟರಲ್ಲಿ ಏನು ಮಾಡಬಹುದು?

ಮೊದಲು ನಮ್ಮೂರಿನ ಒಂದು ಹಳೆಯ ಅಭ್ಯಾಸದ ಬಗ್ಗೆ ಹೇಳಬೇಕು. ಕೆಜಿಎಫ್ ಎಂಬ ಈ ಚಿನ್ನದ ಗಣಿಯ ಊರಿಗೆ ಗಿರಾಕಿಯನ್ನು ಹುಡುಕಿಕೊಂಡು ಹೋಗಿ ಗೊತ್ತಿಲ್ಲ. 1880ರಲ್ಲಿ ಜಾನ್ ಟೇಲರ್ ಕಂಪನಿ ಇಲ್ಲಿಗೆ ಬಂದಾಗಿನಿಂದ ಕೆಲಸ ಕಂಪನಿಯದು, ಸಂಬಳ ಕಂಪನಿಯದು, ಇರುವ ಲೈನ್ ಮನೆಯೂ ಕಂಪನಿಯದೇ. 1956ರಲ್ಲಿ ಗಣಿ ಮೈಸೂರು ಸರ್ಕಾರಕ್ಕೆ ಬಂತು, 1962ರಲ್ಲಿ ಕೇಂದ್ರಕ್ಕೆ ಹೋಯಿತು, ಆಮೇಲೆ ಭಾರತ್ ಗೋಲ್ಡ್ ಮೈನ್ಸ್ ಆಯಿತು. ಹೆಸರುಗಳು ಬದಲಾದವು, ಊರಿಗೆ ಅನ್ನ ಕೊಡುವ ಧಣಿ ಮಾತ್ರ ಒಬ್ಬನೇ ಉಳಿದ. 2001ರ ಫೆಬ್ರವರಿ 28ರಂದು ಆ ಧಣಿ ಬಾಗಿಲು ಹಾಕಿದ. ಆಮೇಲೆ ಏನಾಯಿತು ಅನ್ನುವುದನ್ನು ಈ ಊರಿನವರಿಗೆ ನಾನು ವಿವರಿಸಬೇಕಿಲ್ಲ.

ನಮ್ಮ ಡಿಸೈನರ್ ಮಕ್ಕಳಲ್ಲೂ ಇದೇ ಅಭ್ಯಾಸ ಕಾಣುತ್ತೇನೆ. ಬೆಂಗಳೂರಿನ ಒಂದು ಏಜೆನ್ಸಿ ಸಿಕ್ಕಿತೆಂದರೆ ಸಾಕು, ವರ್ಷವಿಡೀ ಅದರ ಕೆಲಸವನ್ನೇ ಮಾಡುತ್ತಾರೆ. ಅವರು ಕೊಟ್ಟಷ್ಟು ದುಡ್ಡು, ಅವರು ಹೇಳಿದ ಹೊತ್ತು. ಅವರು ಇನ್ನೊಬ್ಬನನ್ನು ಹಿಡಿದ ದಿನ ಇವನಿಗೆ ಕೆಲಸವಿಲ್ಲ, ಊರಿನಲ್ಲಿ ಇವನು ಏನು ಮಾಡುತ್ತಾನೆಂದು ಯಾರಿಗೂ ಗೊತ್ತೂ ಇಲ್ಲ. ಆದ್ದರಿಂದ ಆ ದೊಡ್ಡ ಗಿರಾಕಿ ಇರುವಾಗಲೇ ಸಣ್ಣ ಗಿರಾಕಿಗಳನ್ನು ಕೂಡಿಸಿಕೊಳ್ಳುತ್ತಾ ಹೋಗಬೇಕು. ಕೈ ಖಾಲಿಯಾದ ಮೇಲೆ ಹೊರಟರೆ ಮುಖದಲ್ಲಿ ಅವಸರ ಕಾಣುತ್ತದೆ, ಅವಸರ ಕಂಡವನು ದರ ಇಳಿಸುತ್ತಾನೆ.

ಹಾಗಾದರೆ ಊರಿಗೆ ಗೊತ್ತಾಗುವುದು ಹೇಗೆ? ತಕ್ಷಣ ಹೊಳೆಯುವುದು ಫ್ಲೆಕ್ಸು. ಬೇಡ. ಕರ್ನಾಟಕ ಸರ್ಕಾರ 2016ರ ಮಾರ್ಚ್‌ನಲ್ಲಿ ಹೊರಡಿಸಿದ ಪ್ಲಾಸ್ಟಿಕ್ ನಿಷೇಧದ ಅಧಿಸೂಚನೆಯಲ್ಲಿ ಕೈಚೀಲದ ಜೊತೆಗೆ ಫ್ಲೆಕ್ಸು, ಬ್ಯಾನರು, ಬಂಟಿಂಗುಗಳೂ ಸೇರಿವೆ. ಕಂಬಕ್ಕೆ, ಗೋಡೆಗೆ ಕಂಡಕಂಡಲ್ಲಿ ಅಂಟಿಸುವುದಕ್ಕೆ ಅಡ್ಡಿಯಾಗಿ 1981ರ ಒಂದು ಕಾಯ್ದೆಯೇ ಇದೆ. ಕಾನೂನು ಹಾಗಿರಲಿ, ಊರ ತುಂಬ ಹುಟ್ಟುಹಬ್ಬದ ಫ್ಲೆಕ್ಸುಗಳು ತುಂಬಿರುವಾಗ ನಿಮ್ಮದನ್ನು ನಿಂತು ಓದುವವರು ಯಾರು?

ಫ್ಲೆಕ್ಸ್ ಬರುವ ಮೊದಲು ಬೋರ್ಡು ಬರೆಯುವವರಿದ್ದರು. ಎನಾಮಲ್ ಬಣ್ಣ, ಕುಂಚ, ಸೀಮೆಸುಣ್ಣ ಹಚ್ಚಿದ ದಾರ, ಇಷ್ಟೇ ಅವರ ಬಂಡವಾಳ. ದಾರ ಎಳೆದು ಗೆರೆ ಹಾಕಿ, ತಮಿಳು, ಕನ್ನಡ, ಇಂಗ್ಲಿಷು ಮೂರನ್ನೂ ಒಂದೇ ತಗಡಿನ ಮೇಲೆ ಹೊಂದಿಸಿ ಬರೆಯುತ್ತಿದ್ದರು. ಬರೆದಾದ ಮೇಲೆ ಬಲಗಡೆ ಕೆಳಮೂಲೆಯಲ್ಲಿ ಸಣ್ಣ ಕುಂಚದಿಂದ ತಮ್ಮ ಹೆಸರು, ಅದರ ಮುಂದೆ ‘ಆರ್ಟ್ಸ್’ ಎಂಬ ಒಂದು ಪದ, ಆಮೇಲೆ ಫೋನ್ ನಂಬರು. ಲಾರಿಯ ಹಿಂಭಾಗದಲ್ಲೂ ಹಾಗೆಯೇ. ಆ ಲಾರಿ ಚೆನ್ನೈಗೆ ಹೋದರೆ ಹೆಸರೂ ಚೆನ್ನೈಗೆ ಹೋಗುತ್ತಿತ್ತು. ಒಂದು ಬೋರ್ಡು ಹತ್ತು ವರ್ಷ ಮಳೆ ಬಿಸಿಲಲ್ಲಿ ನಿಂತರೆ ಹತ್ತು ವರ್ಷ ಅವರ ಜಾಹೀರಾತೂ ನಿಂತಿರುತ್ತಿತ್ತು. ಪ್ರಚಾರದ ಖರ್ಚು? ಒಂದು ತೊಟ್ಟು ಬಣ್ಣ.

ಈಗಿನವರು ಏನು ಮಾಡುತ್ತಾರೆ? ಫೈಲು ಮಾಡಿ ವಾಟ್ಸಾಪ್‌ನಲ್ಲಿ ಕಳಿಸುತ್ತಾರೆ. ಪ್ರಿಂಟ್ ಹಾಕುವ ಅಂಗಡಿಯವನು ತನ್ನ ಹೆಸರು ಸೇರಿಸಿಕೊಳ್ಳುತ್ತಾನೆ, ಮಾಡಿದವನದು ಎಲ್ಲೂ ಇರುವುದಿಲ್ಲ. ನಾನು ಇವತ್ತು ಹೇಳಬೇಕೆಂದಿರುವ ಮುಖ್ಯ ಮಾತು ಇದೇ: ಮಾಡಿದ ಕೆಲಸದ ಮೇಲೆ ನಿಮ್ಮ ಹೆಸರು ಹಾಕಿ. ಲಗ್ನಪತ್ರಿಕೆಯ ಹಿಂಬದಿಯಲ್ಲಿ ಸಣ್ಣ ಅಕ್ಷರದಲ್ಲಿ ಒಂದು ಸಾಲು, ಮೆನು ಕಾರ್ಡಿನ ಕೊನೆಯಲ್ಲಿ ಒಂದು ಸಾಲು, ಬೋರ್ಡಿನ ಮೂಲೆಯಲ್ಲಿ ಒಂದು ಸಾಲು. ಐನೂರು ಪತ್ರಿಕೆ ಹಂಚಿದರೆ ಐನೂರು ಮನೆಗೆ ಹೋಗುತ್ತದೆ. ಮುಂದಿನ ವರ್ಷ ಮದುವೆ ಇರುವ ಮನೆಗಳೂ ಅವುಗಳಲ್ಲೇ ಇರುತ್ತವೆ. ಕನ್ನಡದ ಪುಸ್ತಕ ತೆರೆದು ನೋಡಿ, ಒಳಪುಟದಲ್ಲಿ ‘ಮುಖಪುಟ: ಅಪಾರ’ ಎಂದೋ ಮತ್ತೊಬ್ಬ ಕಲಾವಿದರ ಹೆಸರೋ ಅಚ್ಚಾಗಿರುತ್ತದೆ. ಆ ಒಂದು ಸಾಲಿನಿಂದಲೇ ಓದುಗರಿಗೆ ಅವರ ಪರಿಚಯ. ಪುಸ್ತಕಕ್ಕೆ ಇರುವ ಮರ್ಯಾದೆ ಬೋರ್ಡಿಗೆ ಯಾಕಿರಬಾರದು?

ಇದಕ್ಕೆ ಕಾನೂನಿನ ಬೆಂಬಲವೂ ಇದೆ ಎನ್ನುವುದು ಹಲವರಿಗೆ ತಿಳಿದಿಲ್ಲ. 1957ರ ಕೃತಿಸ್ವಾಮ್ಯ ಕಾಯ್ದೆಯ 57ನೇ ಕಲಮು, ಹಕ್ಕುಗಳನ್ನು ಬರೆದುಕೊಟ್ಟ ಮೇಲೂ ‘ಇದು ನನ್ನ ಕೃತಿ’ ಎಂದು ಹೇಳಿಕೊಳ್ಳುವ ಅಧಿಕಾರವನ್ನು ಕಲಾವಿದನಿಗೆ ಉಳಿಸಿದೆ. ಹಾಗಂತ ಗಿರಾಕಿಯ ಎದುರು ಕಾಯ್ದೆ ಪುಸ್ತಕ ಹಿಡಿದು ನಿಲ್ಲಬೇಡಿ. ಕೆಲಸ ಒಪ್ಪಿಕೊಳ್ಳುವಾಗಲೇ ‘ಅಣ್ಣಾ, ಮೂಲೆಯಲ್ಲಿ ನನ್ನ ಹೆಸರು ಹಾಕಿಕೊಳ್ಳುತ್ತೇನೆ’ ಎಂದರೆ ಸಾಕು. ಹೆಚ್ಚಿನವರು ಬೇಡ ಅನ್ನುವುದಿಲ್ಲ. ಹೆಸರು ಹಾಕಿದ್ದಕ್ಕೆ ದರ ಕಡಿಮೆ ಮಾಡಿ ಎಂದರೆ ಮಾತ್ರ ಒಪ್ಪಬೇಡಿ.

ಇನ್ನು, ಪಾನಿಪುರಿಯ ತಿಳಿನೀರಿನ ಹಾಗೆ ನಮ್ಮ ಕೈಯಲ್ಲಿರುವ ವ್ಯತ್ಯಾಸ ಯಾವುದು? ಬೆಂಗಳೂರಿನ ಕಾಲೇಜಿನಲ್ಲಿ ಓದಿ ಬಂದ ಡಿಸೈನರುಗಳ ಮುಂದೆ ಕೆಜಿಎಫ್‌ನ ಹುಡುಗಿ ಯಾವುದರಲ್ಲಿ ಮುಂದಿದ್ದಾಳೆ? ಭಾಷೆಯಲ್ಲಿ. ಮನೆಯಲ್ಲಿ ತಮಿಳೋ ತೆಲುಗೋ, ಶಾಲೆಯಲ್ಲಿ ಕನ್ನಡ, ಪಕ್ಕದ ಮನೆಯಲ್ಲಿ ಉರ್ದು, ಗಣಿಯ ಕಾಲದಿಂದ ಉಳಿದು ಬಂದ ಇಂಗ್ಲಿಷು. ಇದನ್ನು ನಾವು ದೊಡ್ಡದೆಂದು ಎಣಿಸುವುದೇ ಇಲ್ಲ. ಆದರೆ ಒಂದೇ ಲಗ್ನಪತ್ರಿಕೆಯಲ್ಲಿ ಗಂಡಿನ ಕಡೆಗೆ ತಮಿಳು, ಹೆಣ್ಣಿನ ಕಡೆಗೆ ಕನ್ನಡ, ತಪ್ಪಿಲ್ಲದೆ ಹೊಂದಿಸುವವರು ಬೇರೆ ಊರುಗಳಲ್ಲಿ ಸುಲಭಕ್ಕೆ ಸಿಕ್ಕುವುದಿಲ್ಲ.

ಕನ್ನಡ ಬೋರ್ಡುಗಳ ಅವಸ್ಥೆಯನ್ನೇ ನೋಡಿ. ಕನ್ನಡ ಭಾಷಾ ಸಮಗ್ರ ಅಭಿವೃದ್ಧಿ ಕಾಯ್ದೆಗೆ 2024ರಲ್ಲಿ ತಂದ ತಿದ್ದುಪಡಿಯಂತೆ ಅಂಗಡಿ ಮುಂಗಟ್ಟುಗಳ ನಾಮಫಲಕದಲ್ಲಿ ಶೇಕಡಾ 60ರಷ್ಟು ಕನ್ನಡ ಇರಬೇಕು. ಬೆಂಗಳೂರಿನಲ್ಲಿ ಬೋರ್ಡುಗಳು ದಡಬಡನೆ ಬದಲಾದವು. ಅವುಗಳಲ್ಲಿ ಎಷ್ಟೋ ಕಡೆ ಒತ್ತಕ್ಷರ ಮುರಿದು ಬಿದ್ದಿದೆ. ‘ಅಕ್ಕಿ’ ಎಂಬಲ್ಲಿ ಎರಡನೆಯ ಕಕಾರ ಕೆಳಗೆ ಇಳಿಯದೆ ಪಕ್ಕದಲ್ಲೇ ನಿಂತಿರುತ್ತದೆ. ಕಾರಣ ಸರಳ. ಯೂನಿಕೋಡ್ ಕನ್ನಡವನ್ನು ತಂದು ಡಿಸೈನ್ ತಂತ್ರಾಂಶದಲ್ಲಿ ಸುರಿದಾಗ, ಅದರಲ್ಲಿ ದಕ್ಷಿಣ ಏಷ್ಯಾದ ಲಿಪಿಗಳ ಕಂಪೋಸರನ್ನು ಆರಿಸಿಕೊಳ್ಳದಿದ್ದರೆ ಅಕ್ಷರ ಕೂಡಿಕೊಳ್ಳುವುದಿಲ್ಲ. ಕನ್ನಡ ಓದಲು ಬಾರದವನಿಗೆ ಅದು ಕಾಣುವುದೂ ಇಲ್ಲ, ಹಾಗೆಯೇ ಪ್ರಿಂಟಿಗೆ ಹೋಗುತ್ತದೆ. ಹಳೆಯ ನುಡಿ, ಬರಹ ಫಾಂಟುಗಳಲ್ಲಿ ಮಾಡಿದ ಫೈಲಾದರೆ ಇನ್ನೊಂದು ಫಜೀತಿ: ಆ ಫಾಂಟಿಲ್ಲದ ಕಂಪ್ಯೂಟರಿನಲ್ಲಿ ತೆರೆದರೆ ಬರೀ ಗೋಜಲು.

ಇದು ನಿಮಗೆ ಕೆಲಸ ಹುಟ್ಟುವ ಜಾಗ. ತಪ್ಪಿರುವ ಬೋರ್ಡಿನ ಫೋಟೊ ಹಿಡಿದು ಫೇಸ್‌ಬುಕ್ಕಿನಲ್ಲಿ ನಗಾಡುವವರು ಬಹಳ ಮಂದಿ ಇದ್ದಾರೆ, ಆ ಸಾಲಿಗೆ ಸೇರಬೇಡಿ. ಫೋಟೊ ತೆಗೆದುಕೊಳ್ಳಿ, ಮನೆಗೆ ಬಂದು ಅದೇ ಬೋರ್ಡನ್ನು ಸರಿಯಾಗಿ ಮಾಡಿ, ಎರಡನ್ನೂ ಒಂದೇ ಹಾಳೆಯಲ್ಲಿ ಪಕ್ಕಪಕ್ಕ ಇಟ್ಟು ಮಾಲೀಕನಿಗೆ ಮಾತ್ರ ತೋರಿಸಿ. ಅವನಿಗೆ ಅವಮಾನವೂ ಆಗಲಿಲ್ಲ, ನಿಮ್ಮ ಕೆಲಸವೂ ಕಂಡಿತು. ಫಾಂಟಿಗೆ ದುಡ್ಡು ಹಾಕಬೇಕೆಂದೂ ಇಲ್ಲ. ಬಲೂ ತಮ್ಮ, ಅನೇಕ್ ಕನ್ನಡ, ನೋಟೊ ಕನ್ನಡ, ಇವೆಲ್ಲ ಮುಕ್ತ ಪರವಾನಗಿಯ ಫಾಂಟುಗಳು. ವ್ಯಾಪಾರದ ಕೆಲಸಕ್ಕೂ ಧಾರಾಳವಾಗಿ ಬಳಸಬಹುದು. ಕದ್ದ ಫಾಂಟನ್ನು ಗಿರಾಕಿಯ ತಲೆಗೆ ಕಟ್ಟುವ ಅಗತ್ಯ ಇವತ್ತು ಯಾರಿಗೂ ಇಲ್ಲ.

ಈಗ ಲೇಬಲ್ಲಿನ ಮಾತಿಗೆ ಬರೋಣ. ಕೋಲಾರ ಜಿಲ್ಲೆಯಲ್ಲಿ ಡಿಸೈನರಿಗೆ ಹೆಚ್ಚು ಕೆಲಸ ಸಿಗಬಹುದಾದದ್ದು ಇಲ್ಲೇ ಎಂದು ನನ್ನ ಅನಿಸಿಕೆ. ಶ್ರೀನಿವಾಸಪುರದ ಮಾವು, ಕೋಲಾರದ ಟೊಮೆಟೊ, ರಾಗಿ, ಹುಣಸೆಹಣ್ಣು, ಇವು ನಮ್ಮ ಸುತ್ತಲಿನ ಬೆಳೆಗಳು. ಉಪ್ಪಿನಕಾಯಿ, ಹುರಿಹಿಟ್ಟು, ಚಟ್ನಿಪುಡಿ ಮಾಡುವ ಸ್ತ್ರೀಶಕ್ತಿ ಸಂಘಗಳಿವೆ, ರೈತ ಉತ್ಪಾದಕ ಕಂಪನಿಗಳಿವೆ. ಸರಕು ಚೆನ್ನಾಗಿರುತ್ತದೆ, ಪೊಟ್ಟಣದ ಮೇಲಿನ ಚೀಟಿ ನೋಡಿದರೆ ಅಂಗಡಿಯವನು ಒಳಗೆ ಇಟ್ಟುಕೊಳ್ಳುವುದಿಲ್ಲ. ಚೆಂದ ಇಲ್ಲ ಎಂಬುದು ಒಂದು ಕಾರಣವಾದರೆ, ಕಾನೂನಿಗೆ ಬೇಕಾದದ್ದು ಅದರ ಮೇಲೆ ಇಲ್ಲ ಎಂಬುದು ದೊಡ್ಡ ಕಾರಣ.

ಪೊಟ್ಟಣ ಕಟ್ಟಿ ಮಾರುವ ತಿನಿಸಿನ ಮೇಲೆ ಪದಾರ್ಥದ ಹೆಸರು, ಅದರಲ್ಲಿ ಏನೇನು ಹಾಕಿದೆ ಎಂಬ ಪಟ್ಟಿ, ನಿವ್ವಳ ತೂಕ, ಎಲ್ಲ ತೆರಿಗೆ ಸೇರಿದ ಗರಿಷ್ಠ ಬೆಲೆ, ತಯಾರಿಸಿದ ದಿನಾಂಕ, ಎಲ್ಲಿಯವರೆಗೆ ಬಳಸಬಹುದು, ಬ್ಯಾಚ್ ನಂಬರು, ತಯಾರಕರ ವಿಳಾಸ, ದೂರು ಹೇಳಲು ಸಂಪರ್ಕ, ಸಸ್ಯಾಹಾರವಾದರೆ ಚೌಕದೊಳಗೆ ಹಸಿರು ಚುಕ್ಕೆ, ಮತ್ತು ಆಹಾರ ಸುರಕ್ಷತಾ ಪ್ರಾಧಿಕಾರವಾದ ಎಫ್‌ಎಸ್‌ಎಸ್‌ಎಐನ 14 ಅಂಕಿಯ ಸಂಖ್ಯೆ ಇರಬೇಕು. ಇನ್ನೊಂದು ವಿಷಯ ಕೇಳಿದರೆ ನಿಮಗೆ ಆಶ್ಚರ್ಯವಾದೀತು. ಈ ವಿವರಗಳು ಇಂಗ್ಲಿಷಿನಲ್ಲೋ ದೇವನಾಗರಿ ಲಿಪಿಯ ಹಿಂದಿಯಲ್ಲೋ ಇರಲೇಬೇಕು ಎನ್ನುತ್ತದೆ ನಿಯಮ. ಕನ್ನಡವನ್ನು ಅದರ ಜೊತೆಗೆ ಹಾಕಬಹುದು, ಬರೀ ಕನ್ನಡ ಸಾಲದು. ಈ ನಿಯಮ ನನಗೆ ಸರಿಕಾಣುವುದಿಲ್ಲ, ಆ ಮಾತು ಬೇರೆ. ಆದರೆ ನಿಯಮ ಗೊತ್ತಿಲ್ಲದೆ ಐದು ಸಾವಿರ ಲೇಬಲ್ಲು ಅಚ್ಚು ಹಾಕಿಸಿದ ಸಂಘದ ಹೆಂಗಸರು ಅದನ್ನು ಎಸೆಯಬೇಕಾಗುತ್ತದೆ.

ಈ ಪಟ್ಟಿಯನ್ನು ತಿಳಿಗನ್ನಡದಲ್ಲಿ ಒಂದೇ ಹಾಳೆಗೆ ಇಳಿಸಿ. ಕೆಳಗೆ ನಿಮ್ಮ ಹೆಸರು, ನಂಬರು. ಇನ್ನೂರು ಜೆರಾಕ್ಸ್ ತೆಗೆಸಿದರೆ ಒಂದು ಫ್ಲೆಕ್ಸಿಗಿಂತ ಹೆಚ್ಚು ಖರ್ಚಾಗದು. ಸಂಘದ ಸಭೆಗಳಲ್ಲಿ, ಬ್ಯಾಂಕಿನಲ್ಲಿ, ಕೃಷಿ ಇಲಾಖೆಯ ಕಚೇರಿಯಲ್ಲಿ ಕೇಳಿ ಇಡಿ. ಅದು ಕರಪತ್ರವಲ್ಲವಾದ್ದರಿಂದ ಯಾರೂ ಬಿಸಾಡುವುದಿಲ್ಲ, ಗೋಡೆಗೆ ಅಂಟಿಸಿಕೊಳ್ಳುತ್ತಾರೆ. ಲೇಬಲ್ಲು ಮಾಡಿಸಬೇಕಾದ ದಿನ ಮೊದಲು ಕಣ್ಣಿಗೆ ಬೀಳುವುದು ನಿಮ್ಮ ನಂಬರು. ‘ಎಲ್ಲ ತರಹದ ಡಿಸೈನ್ ಮಾಡಿಕೊಡಲಾಗುವುದು’ ಎಂದು ಬರೆದುಕೊಂಡವನು ಯಾರ ನೆನಪಿನಲ್ಲೂ ಉಳಿಯುವುದಿಲ್ಲ. ‘ಲೇಬಲ್ಲಾ? ಬಂಗಾರಪೇಟೆಯಲ್ಲಿ ಒಬ್ಬಳು ಇದ್ದಾಳೆ, ಅವಳಿಗೆ ಎಲ್ಲಾ ಗೊತ್ತು’ ಎಂದು ಒಂದು ಊರು ಹೇಳಿದರೆ ಅವಳಿಗೆ ಬೇರೆ ಪ್ರಚಾರ ಬೇಕಿಲ್ಲ. ತಿಳಿನೀರಿನ ಪಾನಿಪುರಿಯ ಹಾಗೆ ಅವಳದೂ ಒಂದು ವಾಕ್ಯದ ವಿಷಯವಾಯಿತು.

ಊರಿನ ಆಚೆಗೆ ಹೋಗುವುದಕ್ಕೆ ನಮಗೆ ರೈಲಿದೆ. ಮಾರಿಕುಪ್ಪಂ, ಚಾಂಪಿಯನ್, ಊರಿಗಾಂ, ಕೋರಮಂಡಲ್ ಎಂದು ಹೆಜ್ಜೆಗೊಂದು ಸ್ಟೇಷನ್ನಿನಲ್ಲಿ ಜನ ಹತ್ತಿ, ಬಂಗಾರಪೇಟೆ, ಟೇಕಲ್, ಮಾಲೂರು, ವೈಟ್‌ಫೀಲ್ಡ್, ಕೃಷ್ಣರಾಜಪುರ ದಾಟಿ ದಿನಾ ಬೆಂಗಳೂರಿಗೆ ಹೋಗಿ ಬರುತ್ತಾರೆ. ಸೀಸನ್ ಪಾಸಿನ ಈ ಜನ ಎಲ್ಲೆಲ್ಲಿ ಕೆಲಸ ಮಾಡುತ್ತಾರೆಂದು ಒಮ್ಮೆ ಕೇಳಿ ನೋಡಿ. ಆಸ್ಪತ್ರೆ, ಬಟ್ಟೆ ಅಂಗಡಿ, ಬಿಡಿಭಾಗದ ಕಾರ್ಖಾನೆ, ಸಾಫ್ಟ್‌ವೇರ್ ಕಂಪನಿಯ ಕ್ಯಾಂಟೀನು. ಒಂದೊಂದು ಬೋಗಿಯಲ್ಲೂ ನೂರಾರು ಕಚೇರಿಗಳ ಒಳಗಿನ ಸುದ್ದಿ ಇರುತ್ತದೆ. ‘ನಿಮ್ಮಲ್ಲಿ ಬೋರ್ಡು, ಕೈಪಿಡಿ, ಲೇಬಲ್ಲು ಇಂಥದ್ದನ್ನು ಯಾರ ಹತ್ತಿರ ಮಾಡಿಸುತ್ತಾರೆ?’ ಎಂದು ಕೇಳುವುದಕ್ಕೆ ಖರ್ಚಿಲ್ಲ. ನರಸಾಪುರ, ಮಾಲೂರುಗಳ ಕೈಗಾರಿಕಾ ಪ್ರದೇಶಗಳಲ್ಲಿ ಕೆಲಸಗಾರರಿಗೆ ಅರ್ಥವಾಗುವ ಭಾಷೆಯಲ್ಲಿ ಸುರಕ್ಷತೆಯ ಸೂಚನೆ ಬರೆಸಬೇಕಾಗುತ್ತದೆ. 1948ರ ಕಾರ್ಖಾನೆ ಕಾಯ್ದೆಯ ಕಾಲದಿಂದ ಬಂದ ಪದ್ಧತಿ ಅದು. ನಾಲ್ಕು ಭಾಷೆ ಬಲ್ಲವರಿಗೆ ಇದಕ್ಕಿಂತ ಹೊಂದುವ ಕೆಲಸ ಇನ್ನೇನಿದೆ?

ಊರಿನ ಹೆಸರನ್ನು ಮುಚ್ಚಿಡಬೇಡಿ ಎಂದೂ ಹೇಳಬೇಕು. ವಿಳಾಸದಲ್ಲಿ ‘ಬೆಂಗಳೂರು’ ಎಂದು ಬರೆದುಕೊಳ್ಳುವ ಚಪಲ ಕೆಲವರಿಗಿದೆ. 2018ರಲ್ಲಿ ನಟ ಯಶ್ ಅವರ ‘ಕೆಜಿಎಫ್’ ಚಿತ್ರ ಬಂದ ಮೇಲೆ ಕೆಜಿಎಫ್ ಎಂಬ ಮೂರಕ್ಷರ ಗೊತ್ತಿಲ್ಲದ ಊರು ದೇಶದಲ್ಲಿ ಹುಡುಕಬೇಕು. ಮುಂಬಯಿಯ ಗಿರಾಕಿಗೆ ‘ನಾನು ಕೆಜಿಎಫ್‌ನವನು’ ಎಂದು ಫೋನಿನಲ್ಲಿ ಹೇಳಿ, ಆ ಕಡೆಯವರು ಎರಡು ಮಾತು ಹೆಚ್ಚು ಆಡುತ್ತಾರೆ. ಚಿತ್ರದ ಲೋಗೋ, ನಟರ ಫೋಟೊಗಳನ್ನು ಮಾತ್ರ ಮುಟ್ಟಬೇಡಿ. ಅವು ಇನ್ನೊಬ್ಬರ ಸ್ವತ್ತು.

ಫೋನಿನ ವಿಷಯ ಬೇಗ ಮುಗಿಸುತ್ತೇನೆ, ನನಗಿಂತ ನಿಮಗೇ ಚೆನ್ನಾಗಿ ಗೊತ್ತು. ವಾಟ್ಸಾಪ್ ಬಿಸಿನೆಸ್ ಪುಕ್ಕಟೆ, ಅದರೊಳಗಿನ ಕ್ಯಾಟಲಾಗೂ ಪುಕ್ಕಟೆ. ಗೂಗಲ್ ನಕ್ಷೆಯಲ್ಲಿ ನಿಮ್ಮ ಕೋಣೆಯನ್ನು ಅಂಗಡಿಯಾಗಿ ಸೇರಿಸುವುದಕ್ಕೂ ದುಡ್ಡಿಲ್ಲ. ಹೆಸರನ್ನು ಕನ್ನಡದಲ್ಲೂ ಇಂಗ್ಲಿಷಿನಲ್ಲೂ ಬರೆಯಿರಿ, ನೀವೇ ಮಾಡಿದ ಕೆಲಸದ ಫೋಟೊಗಳನ್ನು ಹಾಕಿ, ಕೆಲಸ ಮುಗಿದ ದಿನವೇ ಗಿರಾಕಿಯಿಂದ ಎರಡು ಸಾಲಿನ ಅಭಿಪ್ರಾಯ ಬರೆಸಿಕೊಳ್ಳಿ. ಪೋಸ್ಟನ್ನು ‘ಬೂಸ್ಟ್’ ಮಾಡಿ ಎಂದು ಫೇಸ್‌ಬುಕ್ ಕರೆಯುತ್ತಲೇ ಇರುತ್ತದೆ. ಐನೂರು ರೂಪಾಯಿ ಕಟ್ಟಿದರೆ ಲೈಕುಗಳು ಬರುತ್ತವೆ. ಆ ಲೈಕು ಒತ್ತಿದವರಿಗೆ ಬೋರ್ಡು ಬೇಕಿಲ್ಲ. ಅದೇ ಐನೂರಕ್ಕೆ ಒಳ್ಳೆಯ ಕಾಗದದ ಮೇಲೆ ನಾಲ್ಕು ಮಾದರಿ ಪ್ರಿಂಟ್ ತೆಗೆಸಿ ಚೀಲದಲ್ಲಿಟ್ಟುಕೊಳ್ಳಿ. ಕೈಗೆ ಕೊಟ್ಟ ಕಾಗದವನ್ನು ನಮ್ಮ ಜನ ತಿರುಗಿಸಿ ತಿರುಗಿಸಿ ನೋಡುತ್ತಾರೆ.

ಕೊನೆಯದಾಗಿ ದುಡ್ಡು. ಇದು ಪ್ರಚಾರದ ಮಾತೇ ಎಂದು ಕೇಳಬಹುದು. ಹೌದು, ಯಾಕೆಂದರೆ ನೀವು ದುಡ್ಡು ಕೇಳುವ ರೀತಿಯೂ ಊರಲ್ಲಿ ಸುದ್ದಿಯಾಗುತ್ತದೆ. ‘ಸುಮ್ಮನೆ ಒಂದು ಡಿಸೈನ್ ಹಾಕಿಕೊಡಪ್ಪ, ಚೆನ್ನಾಗಿದ್ದರೆ ನೋಡೋಣ’ ಎನ್ನುವವರಿಗೆ ಒಮ್ಮೆ ಹಾಕಿಕೊಟ್ಟರೆ, ಹತ್ತು ಮಂದಿ ಹಾಗೆಯೇ ಬರುತ್ತಾರೆ. ನೆಂಟರಿಗೆ ಬಿಟ್ಟಿ ಮಾಡಿಕೊಡುವುದಾದರೆ ಅದನ್ನು ಉಡುಗೊರೆ ಎಂದು ಹೇಳಿ ಕೊಡಿ, ಬಿಲ್ಲು ಬರೆದು ಅದರ ಮೇಲೆ ರಿಯಾಯಿತಿ ತೋರಿಸಿ. ನಿಮ್ಮ ದರ ಎಷ್ಟೆಂದು ಅವರಿಗಾದರೂ ಗೊತ್ತಾಗಲಿ. ಉಳಿದವರಲ್ಲಿ ಅರ್ಧ ಮುಂಗಡ, ತಿದ್ದುಪಡಿ ಎರಡು ಸಲ, ಆಮೇಲಿನದಕ್ಕೆ ಬೇರೆ ದರ. ಇದನ್ನು ಮೊದಲೇ ಬರೆದು ಕಳಿಸಿದರೆ ಜಗಳವಿಲ್ಲ.

ಕಂಪನಿಗಳ ಜೊತೆ ವ್ಯವಹಾರವಿದ್ದರೆ ಸಣ್ಣ ಉದ್ಯಮಗಳಿಗೆಂದೇ ಇರುವ ಉದ್ಯಮ್ ನೋಂದಣಿ ಮಾಡಿಸಿಕೊಳ್ಳಿ. ಆಧಾರ್, ಪ್ಯಾನ್ ಇದ್ದರೆ ಸರ್ಕಾರದ ಜಾಲತಾಣದಲ್ಲಿ ನೀವೇ ಮಾಡಬಹುದು, ಒಂದು ರೂಪಾಯಿ ಶುಲ್ಕವಿಲ್ಲ. ಸಾವಿರ ರೂಪಾಯಿ ಕೇಳುವ ಮಧ್ಯವರ್ತಿಗಳು ಸಿಕ್ಕರೆ ಮುಂದೆ ಹೋಗಿ ಎನ್ನಿ. 2006ರ ಎಂಎಸ್‌ಎಂಇ ಕಾಯ್ದೆಯ ಪ್ರಕಾರ ಹೀಗೆ ನೋಂದಾಯಿಸಿಕೊಂಡ ಸಣ್ಣ ಉದ್ಯಮಕ್ಕೆ, ಲಿಖಿತ ಒಪ್ಪಂದ ಇದ್ದರೂ 45 ದಿನ ಮೀರದಂತೆ, ಇಲ್ಲದಿದ್ದರೆ 15 ದಿನದೊಳಗೆ, ಕೊಂಡವರು ಹಣ ಕೊಡಬೇಕು. ತಡವಾದರೆ ಬಡ್ಡಿ ಸಮೇತ. ಬಿಲ್ಲಿನ ಮೇಲೆ ಉದ್ಯಮ್ ಸಂಖ್ಯೆ ಅಚ್ಚಾಗಿದ್ದರೆ ಲೆಕ್ಕದ ಗುಮಾಸ್ತರು ಅದನ್ನು ಗಮನಿಸುತ್ತಾರೆ.

ಡಿಸೈನರುಗಳಿಗೆ ಹೇಳುವುದು ಇಷ್ಟು. ಇನ್ನು ಈ ಮಾತು ಕೇಳುತ್ತಿರುವ ಅಂಗಡಿ, ಹೋಟೆಲು, ಕಲ್ಯಾಣ ಮಂಟಪಗಳ ಮಾಲೀಕರಲ್ಲಿ ಒಂದು ಕೋರಿಕೆ. ಮುಂದಿನ ಸಲ ಬೋರ್ಡು ಮಾಡಿಸುವಾಗ ಕೆಲಸವನ್ನು ಊರಿನವರಿಗೇ ಕೊಡಿ, ಹೇಳಿದ ದಿನ ಹಣ ಕೊಡಿ, ಬಲಗಡೆ ಕೆಳಮೂಲೆಯಲ್ಲಿ ಅವರ ಹೆಸರಿಗೆ ಎರಡು ಅಂಗುಲ ಜಾಗ ಬಿಡಿ.